ಕಾಣಿಸದ ತಿಮಿಂಗಿಲ

"ಬೋಟ್ ತುಂಬ ಜನಕ್ಕೆ ಕಂಡ ತಿಮಿಂಗಿಲ ನಿಮ್ಮೊಬ್ಬರಿಗೆ ಮಾತ್ರ ಕಾಣಿಸಲಿಲ್ವಾ?"

ಟಿಕೆಟ್ ಕಿಟಕಿಯೊಳಗಿಂದ ಅವಳು ಕೇಳಿದ ರಭಸಕ್ಕೆ ಸಾಲಿನಲ್ಲಿದ್ದವರೆಲ್ಲ ಕತ್ತು ಹೊರಳಿಸಿದರು.

ಎದುರಿಗೆ ನಿಂತವನ ಕೂದಲು ಗಾಳಿಗೆ ಕೆದರಿತ್ತು. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ!

"ಇಲ್ಲ... ಕಾಣಿಸಲಿಲ್ಲ."

"ಏನ್ ಕೆಲಸ ಮಾಡ್ತೀರಿ?"

"ಕನ್ನಡಕದ ಅಂಗಡಿ ಇಟ್ಕೊಂಡಿದೀನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳಿಗೂ ನಗು ತಡೆಯಲಾಗಲಿಲ್ಲ.

ತಿಮಿಂಗಿಲ ಕಾಣದೆ ಹಿಂದಿರುಗಿದವರಿಗೆ ಇನ್ನೊಂದು ಸಲ ಪುಕ್ಕಟೆ ಪ್ರಯಾಣ. ಅದು ಆ ದೋಣಿಯ ಕಟ್ಟಳೆ. ದೋಣಿ ಅವಳ ಸೋದರಮಾವನದು. ಸಮುದ್ರ ಮಾವನ ಪಾಲಿಗಾದರೆ ದಡ ಅವಳ ಪಾಲಿಗೆ. ಯಾವ ದಿನ ಅಲೆ ಕಡಿಮೆ, ಎಲ್ಲಿ ಕೂತರೆ ಕುಲುಕಾಟ ಕಡಿಮೆ, ಅಜ್ಜಿ ಜೊತೆಗಿದ್ದರೆ ಏನು ತರಬೇಕು... ಬಂದವರ ಪ್ರಯಾಣವನ್ನೆಲ್ಲ ಅವಳೇ ಕೂತು ಯೋಚಿಸಿ ಹೇಳುತ್ತಿದ್ದಳು.

ಗೊಣಗಿಕೊಂಡೇ ಅವನಿಗೆ ಇನ್ನೊಂದು ಟಿಕೆಟ್ ಕೊಟ್ಟಳು.

"ಈ ಸಲ ಎಡಗಡೆ ಕೂತ್ಕೊಳ್ಳಿ. ಸ್ವೆಟರ್ ಇರಲಿ. ಖಾಲಿ ಹೊಟ್ಟೇಲಿ ಬರಬೇಡಿ, ಬಿಸ್ಕತ್ತು ತಿನ್ನಿ. ತಲೆ ಸುತ್ತಿದ್ರೆ ನಿಂಬೆಹಣ್ಣು ಮೂಸ್ತಾ ದೂರಕ್ಕೆ ನೋಡ್ತಿರಿ. ತಿಮಿಂಗಿಲ ಉಸಿರು ಬಿಡುತ್ತಲ್ಲ... ಮೈ ಜುಮ್ ಅನ್ನುತ್ತೆ!"

"ನಿಮಗೂ ಹಾಗೇ ಆಯ್ತಾ?"

ಅವಳು ತಡವರಿಸಿದಳು. "ಆಂ... ಹೂಂ."

ಮುಂದಿನ ಭಾನುವಾರ ಹೋಗಿಬಂದ. ಕಾಣಿಸಲಿಲ್ಲವಂತೆ! ಅದರ ಮುಂದಿನ ಭಾನುವಾರವೂ ಅದೇ ಕಥೆ.

ಹೋಗುವ ಮುನ್ನ ಒಂದಿಷ್ಟು ಮಾತು, ಬಂದ ಮೇಲೆ ಮತ್ತೊಂದಿಷ್ಟು. ಅವಳ ಕನ್ನಡಕದ ಕಡ್ಡಿ ಸಡಿಲವಾಗಿದ್ದು ಕಂಡು, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಕಿಟಕಿಯ ಹತ್ತಿರವೇ ಬಿಗಿಮಾಡಿಕೊಟ್ಟ. ಅಂದಿನಿಂದ ಭಾನುವಾರಗಳಲ್ಲಿ ಅವಳು ಎರಡೆರಡು ಸಲ ತಲೆ ಬಾಚಿಕೊಳ್ಳತೊಡಗಿದಳು.

'ಪಾಪ, ಇವನಿಗೊಂದು ತಿಮಿಂಗಿಲ ಕಾಣಿಸಲಿ' ಎನ್ನುತ್ತಿತ್ತು ಒಂದು ಮನಸ್ಸು.

'ಕಂಡುಬಿಟ್ಟರೆ ಮತ್ತೆ ಬರುತ್ತಾನಾ?' ಎನ್ನುತ್ತಿತ್ತು ಇನ್ನೊಂದು.

ಒಂದು ಸಂಜೆ ಮಾವ ಹಗ್ಗ ಸುತ್ತುತ್ತಾ ಹೇಳಿದ. "ಆ ಕನ್ನಡಕದ ಹುಡುಗ ಇದಾನಲ್ಲ, ಮೊದಲನೇ ದಿನವೇ ತಿಮಿಂಗಿಲ ನೋಡಿ ಮಗು ಥರ ಕುಣಿದುಬಿಟ್ಟ ಕಣೇ! ಆದ್ರೂ ಪ್ರತಿ ವಾರ ಬರ್ತಾನೆ. ಎಂಥಾ ಹುಚ್ಚು ನೋಡು!"

ಟಿಕೆಟ್ ದುಡ್ಡು ಎಣಿಸುತ್ತಿದ್ದವಳಿಗೆ ಲೆಕ್ಕ ತಪ್ಪಿತು.

ಅಂದರೆ... ಪುಕ್ಕಟೆ ಸುತ್ತಾಟಕ್ಕಾಗಿ ಇಷ್ಟೆಲ್ಲ ನಾಟಕವೇ? ತಾನೇ ಏನೇನೋ ಅಂದುಕೊಂಡುಬಿಟ್ಟಿದ್ದಳೇ?

ಭಾನುವಾರ ಅವನು ನಗುತ್ತಾ ಬಂದು ನಿಂತ.

"ನಮ್ಮಾವನ ಬೋಟು ಧರ್ಮಛತ್ರ ಅಲ್ಲ! ಸುಳ್ಳು ಹೇಳೋರಿಗೆ ಇಲ್ಲಿ ಟಿಕೆಟ್ ಇಲ್ಲ!"

"ಒಂದೇ ಒಂದು ಮಾತು ಕೇಳಿ..."

ಅವಳು ಕಿಟಕಿ ಎಳೆದುಕೊಂಡಳು. ಗಾಜಿನಾಚೆ ಅವನು ತಲೆ ತಗ್ಗಿಸಿ ಹೊರಟುಹೋದ. ಮುಂದಿನ ಭಾನುವಾರ ಬರಲಿಲ್ಲ.

ತಿಮಿಂಗಿಲಗಳು ದೂರದ ನೀರಿಗೆ ಹೊರಡುವ ಕಾಲ ಹತ್ತಿರವಾಗಿತ್ತು. ಅವು ಹೋದರೆ ಈ ಕಿಟಕಿಗೂ ಬೀಗ. ಆಮೇಲೆ ಅವನು ಬಂದರೂ ಇಲ್ಲಿ ಯಾರೂ ಇರುವುದಿಲ್ಲ...

"ನೀನು ನೋಡಿದೀಯೇನಮ್ಮಾ?" ಟಿಕೆಟ್ ಕೊಳ್ಳಲು ಬಂದ ಅಜ್ಜಿಯೊಬ್ಬರು ಕೇಳಿದರು.

"ಹೂಂ ಅಜ್ಜಿ," ಎಂದವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಅವಳು ಒಂದು ತಿಮಿಂಗಿಲವನ್ನೂ ನೋಡಿರಲಿಲ್ಲ! ಚಿಕ್ಕವಳಿದ್ದಾಗ ಮಾವನ ದೋಣಿ ಹತ್ತಿ, ಎಲ್ಲರೆದುರು ವಾಂತಿ ಮಾಡಿಕೊಂಡು ನಗೆಪಾಟಲಾಗಿದ್ದೇ ಕೊನೆ. ಜುಮ್ಮೆನ್ನುವುದು, ಉಸಿರು... ಎಲ್ಲ ಬಂದವರ ಬಾಯಿಂದ ಕೇಳಿದ್ದು.

'ಕಂಡಿದ್ದನ್ನು ಕಂಡಿಲ್ಲವೆಂದ ಅವನು ಸುಳ್ಳುಗಾರ. ಕಾಣದ್ದನ್ನು ಕಂಡೆ ಎನ್ನುವ ನಾನು?'

ಊರವರ ಸಂತೋಷಕ್ಕೆಲ್ಲ ದಾರಿ ಹೇಳಿದವಳು, ತನ್ನ ಸಂತೋಷ ಎದುರಿಗೆ ಬಂದು ನಿಂತಾಗ ಕಿಟಕಿ ಮುಚ್ಚಿದ್ದಳು.

ಕೊನೆಯ ಪ್ರಯಾಣದ ದಿನ ಅವನು ಬಂದ.

"ಎರಡು ಟಿಕೆಟ್. ದುಡ್ಡು ಕೊಟ್ಟೇ ತಗೋತೀನಿ."

"ಎರಡು... ಯಾಕೆ?"

"ಒಂದು ನಿಮಗೆ." ಅವನು ದುಡ್ಡನ್ನು ಕಿಟಕಿಯೊಳಗೆ ಸರಿಸಿದ. "ಮೊದಲನೇ ದಿನವೇ ನೋಡಿದೆ. ಹಾಗಂತ ಹೇಳಿದ್ರೆ, ನಿಮ್ಮನ್ನ ಮತ್ತೆ ನೋಡೋಕೆ ಯಾವ ನೆಪ ಇರ್ತಿತ್ತು? ತಪ್ಪು ನಂದೇ. ನೇರವಾಗಿ ಹೇಳೋ ಧೈರ್ಯ ಆಗಲಿಲ್ಲ... ನೀವಂದ್ರೆ ನನಗೆ ಇಷ್ಟ."

ಅವಳು ಕಿಟಕಿಯನ್ನು ಪೂರ್ತಿ ತೆರೆದಳು.

"ನಾನೂ ಸುಳ್ಳು ಹೇಳಿದೀನಿ. ಒಂದು ಸಲಾನೂ ನೋಡಿಲ್ಲ. ಬೋಟ್ ಹತ್ತಿದ್ರೆ ವಾಂತಿ ಬರುತ್ತೆ..."

ಅವನು ನಗಲಿಲ್ಲ. ಚೀಲ ಬಿಚ್ಚಿದ. ಸ್ವೆಟರ್, ಬಿಸ್ಕತ್ತು, ನಿಂಬೆಹಣ್ಣು!

"ನೀವು ಹೇಳಿದ್ದನ್ನೆಲ್ಲ ಪ್ರತಿ ವಾರ ತರ್ತಿದ್ದೆ. ಇವತ್ತು ನಿಮಗೆ ಬೇಕು. ಬನ್ನಿ, ದೂರಕ್ಕೆ ನೋಡ್ತಿರಿ. ನಾನಿದೀನಿ."

ದೋಣಿಯಲ್ಲಿ ವಾಂತಿಯಂತೂ ಆಯಿತು. ಅವನು ಬೆನ್ನು ನೇವರಿಸುತ್ತಾ ನೀರು ಕುಡಿಸಿದ. ಯಾರೂ ನಗಲಿಲ್ಲ.

ಆಮೇಲೆ ಮಾವ ಇಂಜಿನ್ ನಿಲ್ಲಿಸಿದ. ನೀರು ಸೀಳಿ ಕಪ್ಪು ಬೆನ್ನೊಂದು ನಿಧಾನವಾಗಿ ಮೇಲೆದ್ದಿತು. ಭುಸ್ಸೆಂದು ಉಸಿರು ಬಿಟ್ಟಿತು. ಆ ತುಂತುರು ಅವಳ ಕನ್ನಡಕದ ಮೇಲೆಲ್ಲ ಬಿತ್ತು.

ಅವಳ ಮೈ ಜುಮ್ಮೆನ್ನಲಿಲ್ಲ. ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಜೀವ, ಇಷ್ಟು ಮೆತ್ತಗೆ ಬಂದು ಹೋಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪಕ್ಕದಲ್ಲಿದ್ದವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದಡದಲ್ಲಿ ಮಾವ ಅವಳನ್ನು ಇಳಿಸುತ್ತಾ ಕೇಳಿದ. "ಅಂತೂ ನೋಡಿದ್ಯಲ್ಲ! ಹೇಗಿತ್ತೇ?"

"ಏನು ಮಾವ? ನಂಗೇನೂ ಕಾಣಿಸಲಿಲ್ಲ."

"ಪಕ್ಕದಲ್ಲೇ ಎದ್ದಿತಲ್ಲೇ!" ಎಂದ ಮಾವ, ಇಬ್ಬರ ಬೆಸೆದ ಕೈಗಳನ್ನು ಕಂಡು ಮೀಸೆಯಡಿ ನಕ್ಕು ಹಗ್ಗ ಸುತ್ತಲು ಹೋದ.

"ಅವು ಮತ್ತೆ ಬರೋದು ಮುಂದಿನ ವರ್ಷ," ಎಂದ ಅವನು ಮೆಲ್ಲಗೆ. "ಅಲ್ಲೀವರೆಗೆ?"

"ದಿನಾ ನಿಮ್ಮ ಅಂಗಡಿಗೆ ಬರ್ತೀನಿ."

"ಯಾವ ನೆಪದಲ್ಲಿ?"

ಅವಳು ಒದ್ದೆ ಕನ್ನಡಕ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಅಷ್ಟು ದೊಡ್ಡ ತಿಮಿಂಗಿಲವೇ ಕಾಣಿಸಲಿಲ್ಲ ಕಣ್ರೀ... ನನ್ನ ಕಣ್ಣು ಪರೀಕ್ಷೆ ಮಾಡೋದು ಬೇಡ್ವಾ?"