ಗುಮಾಸ್ತರ ಪುಟಗಳು

"ಗುಮಾಸ್ತಾ! ಏಯ್... ನಿಲ್ಲೋ!"

ಅವಳ ಕೂಗು ಅಲೆಗಳ ಸದ್ದಿನಲ್ಲಿ ಎಲ್ಲೋ ಹೋಯಿತು. ಮೂರು ತಿಂಗಳಿಂದ ಬಾಗಿಲಿನಿಂದ ಗೇಟಿಗೆ ಹೋಗುವುದಕ್ಕೂ ಉಸ್ಸಪ್ಪಾ ಎನ್ನುತ್ತಿದ್ದ ಮುದಿ ನಾಯಿ, ಕೈಯಿಂದ ಹಗ್ಗ ಕಿತ್ತುಕೊಂಡು ಮರಳಿನ ಮೇಲೆ ಓಡುತ್ತಿತ್ತು! ಚಪ್ಪಲಿ ಕೈಯಲ್ಲಿ ಹಿಡಿದು ಅವಳೂ ಹಿಂದೆ ಓಡಿದಳು. ಓಡಿದಳು ಎನ್ನುವುದು ಮರ್ಯಾದೆಯ ಮಾತು. ಕಾಲೆಳೆದಳು ಎನ್ನುವುದೇ ಸರಿ.

ನೀರಿನ ಅಂಚಿನಲ್ಲಿ ಪ್ಯಾಂಟು ಮೊಣಕಾಲಿಗೆ ಮಡಚಿ ಒಬ್ಬಾತ ನಿಂತಿದ್ದ. ನಾಯಿ ನೇರವಾಗಿ ಹೋಗಿ ಅವನ ಮೇಲೆ ಎರಡೂ ಮುಂಗಾಲು ಹಾಕಿತು. ಆತ ಮುಗ್ಗರಿಸಿ ನೀರಿನಲ್ಲೇ ಕೂತುಬಿಟ್ಟ.

ಆಯ್ತು, ಈಗ ಬೈಗುಳ ಶುರು ಎಂದುಕೊಂಡಳು.

ಅವನು ಬೈಯಲಿಲ್ಲ. ನಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ.

"ಗುಮಾಸ್ತರೇ... ನೀವು ಇಲ್ಲಿ? ರಜೆ ಹಾಕಿ ಬಂದ್ರಾ?"

ಅವಳ ಕಾಲು ಅಲ್ಲೇ ನಿಂತಿತು. ಬಂದವರನ್ನೆಲ್ಲ ಬಾಗಿಲಲ್ಲೇ ಕೂತು ತಪಾಸಣೆ ಮಾಡುತ್ತಿತ್ತೆಂದು ಅಪ್ಪ ಆ ನಾಯಿಗೆ ಗುಮಾಸ್ತ ಎಂದು ಹೆಸರಿಟ್ಟಿದ್ದರು. ಅದನ್ನು 'ಗುಮಾಸ್ತರು' ಎಂದು ಬಹುವಚನದಲ್ಲಿ ಕರೆಯುವವರು ಈ ಲೋಕದಲ್ಲಿ ಒಬ್ಬರೇ. ಅವರ ಮುಖವನ್ನು ಅವಳು ಇವತ್ತಿನವರೆಗೂ ನೋಡಿರಲಿಲ್ಲ. ನೋಡಿದ್ದು ಅಕ್ಷರ ಮಾತ್ರ!

ಹಗಲಿನವರು... ಅವಳು ಮನಸ್ಸಿನಲ್ಲೇ ಅವರಿಗೆ ಇಟ್ಟ ಹೆಸರು ಅದು.

ಅಪ್ಪ ಹಾಸಿಗೆ ಹಿಡಿದ ಎಂಟು ತಿಂಗಳು ಅವಳು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇರುತ್ತಿದ್ದಳು. ಹಬೆ, ಬ್ಲೀಚು, ಬೆಟ್ಟದಂತೆ ಬಂದು ಬೀಳುವ ಹೊದಿಕೆಗಳು. ಅಪ್ಪನನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಬರುತ್ತಿದ್ದ ಅಟೆಂಡರ್ ಏಳಕ್ಕೆ ಬಂದು ಐದಕ್ಕೆ ಹೋಗುತ್ತಿದ್ದ. ನಡುವಿನ ಹೊತ್ತಿಗೆ ಪಕ್ಕದ ಮನೆ ಆಂಟಿ. ಭಾನುವಾರ ಇಬ್ಬರಿಗೂ ರಜೆ. ಹೀಗಾಗಿ ಒಂದೇ ಮನೆಯ ಒಂದೇ ಲೋಟದಲ್ಲಿ ಟೀ ಕುಡಿದವರು ಒಮ್ಮೆಯೂ ಮುಖಾಮುಖಿ ಆಗಲಿಲ್ಲ. ಫೋನ್ ನಂಬರ್ ಕೊಡುವುದಕ್ಕೂ ಏಜೆನ್ಸಿಯ ನಿಯಮ ಅಡ್ಡ.

ಇದ್ದದ್ದು ಫ್ರಿಜ್ ಮೇಲಿನ ಒಂದು ನೋಟ್‌ಬುಕ್ಕು. ಅಪ್ಪನ ವಿಷಯ ಮುಂದಿನ ಪುಟದಿಂದ, ನಾಯಿಯ ವಿಷಯ ಹಿಂದಿನ ಪುಟದಿಂದ. ಅದಕ್ಕೂ ಕಾರಣವಿತ್ತು. ಮಧ್ಯಾಹ್ನ ಕನ್ನಡಕ ಏರಿಸಿ ಅಪ್ಪ ಆ ಪುಸ್ತಕ ಓದುತ್ತಿದ್ದರು. ಗುಮಾಸ್ತ ಊಟ ಬಿಟ್ಟಿದ್ದಾನೆ ಎಂದು ಕಂಡರೆ ತಾವೂ ಬಿಡುತ್ತಿದ್ದರು. ಪುಸ್ತಕ ತಿರುಗಿಸಿ ನೋಡುವ ಬುದ್ಧಿ ಮಾತ್ರ ಅವರಿಗೆ ಬರಲಿಲ್ಲ, ಪಾಪ.

'ಗುಮಾಸ್ತರು ಇಂದು ಮಾತ್ರೆಯನ್ನು ಸೋಫಾ ಕೆಳಗೆ ಬಚ್ಚಿಟ್ಟರು' ಎಂದು ಬರೆಯುತ್ತಿದ್ದ ಆತ, ಕೊನೆಯ ಸಾಲಿನಲ್ಲಿ ಅವಳನ್ನು ಕೇಳುತ್ತಿದ್ದ: 'ನಿಮ್ಮ ಊಟ ಆಯಿತೇ?'

'ಆಯಿತು' ಎಂದು ಬರೆಯುತ್ತಿದ್ದಳು. ಬಹಳ ದಿನ ಅದು ಸುಳ್ಳು. ಆದರೂ ಆ ಒಂದು ಸಾಲಿಗಾಗಿ ಅವಳು ಮೆಟ್ಟಿಲು ಹತ್ತಿ ಮನೆಗೆ ಬರುತ್ತಿದ್ದಳು.

ಒಂದು ಗುರುವಾರ ಆತ ಹೋದವನು ಮತ್ತೆ ಬರಲಿಲ್ಲ. ಶನಿವಾರ ಅಪ್ಪ ಹೋದರು.

"ನೀವು... ಲಾಂಡ್ರಿ ಮೇಡಂ ಅಲ್ವಾ?" ಒದ್ದೆ ಬಟ್ಟೆಯಲ್ಲೇ ಎದ್ದು ನಿಂತು ಕೇಳಿದ. ಕಿವಿಯ ಪಕ್ಕ ನಾಲ್ಕು ನೆರೆಗೂದಲು, ದಣಿದ ಕಣ್ಣು.

ಎಷ್ಟು ಸಲ ಈ ಮುಖವನ್ನು ಊಹಿಸಿದ್ದೆ... ಎಂದುಕೊಂಡಳು. ಬಾಯಿಂದ ಬಂದದ್ದು ಬೇರೆ.

"ಅಪ್ಪ ಎರಡು ದಿನ ಬಾಗಿಲು ನೋಡ್ತಾ ಮಲಗಿದ್ರು. 'ಹುಡುಗ ಬಂದನಾ, ಹುಡುಗ ಬಂದನಾ' ಅಂತ. ಏನು ಹೇಳ್ಲಿ ನಾನು? ಒಂದು ಮಾತು ಹೇಳಿ ಹೋಗೋಕೆ ಆಗ್ಲಿಲ್ವಾ ನಿಮಗೆ?"

"ಬರೆದಿದ್ದೆನಲ್ಲ..."

"ಸುಳ್ಳು! ಗುರುವಾರದ ಪುಟ ಖಾಲಿ ಇತ್ತು. ನನ್ನ ಕಣ್ಣಾರೆ ನೋಡಿದ್ದೀನಿ!"

ಹಗ್ಗ ಹಿಡಿದು ತಿರುಗಿದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಹಾಗೆ ನಾಯಿ ಅವನತ್ತಲೇ ಜಗ್ಗಿತು. ಅದನ್ನು ಲಾಡ್ಜಿನವರೆಗೆ ಎಳೆದು ತರುವಷ್ಟರಲ್ಲಿ ಅವಳ ರಟ್ಟೆ ಬಿದ್ದುಹೋಯಿತು.

ರೂಮಿನಲ್ಲಿ ಒಂದು ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ, ಕಾಲು ತೊಳೆಯಲು ಬಾಗಿಲ ಬಳಿ ಒಂದು ಬಕೆಟ್ಟು. ನಾಲ್ಕು ವರ್ಷಕ್ಕೆ ಸಿಕ್ಕ ನಾಲ್ಕು ದಿನದ ರಜೆ ಇದು. ಮಲಗಿದರೆ ನಿದ್ದೆಯಿಲ್ಲ, ಎದ್ದರೆ ತ್ರಾಣವಿಲ್ಲ.

ಫೋನ್ ಬಂತು. ಅಕ್ಕ.

"ಸೋಮವಾರ ಹತ್ತಕ್ಕೆ ಆಶ್ರಯದವರು ಬರ್ತಾರೆ ಕಣೆ, ನಾಯಿ ಕರ್ಕೊಂಡು ಹೋಗೋಕೆ. ಅಷ್ಟರಲ್ಲಿ ಬಂದುಬಿಡು."

"ಅಕ್ಕಾ... ಇನ್ನೊಂದು ವಾರ?"

"ಹನ್ನೆರಡು ಗಂಟೆ ಒಂದೇ ಕೂತಿರುತ್ತೆ ಅದು. ಊಟ ಬಿಟ್ಟಿದೆ. ನೀನೂ ಬಿಟ್ಟಿದ್ದೀಯ. ನಿನ್ನನ್ನ ನೋಡಿದ್ರೆ ನನಗೆ ಭಯ ಆಗುತ್ತೆ ಕಣೆ."

ಅಕ್ಕನ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅದೇ ದೊಡ್ಡ ಕಷ್ಟ. ಗುಮಾಸ್ತನನ್ನೂ ಕಳಿಸಿದ ಮೇಲೆ ಆ ಮನೆಯಲ್ಲಿ ಅವಳಿಗಾಗಿ ಬಾಗಿಲು ಕಾಯುವವರು ಯಾರು?

ಮಾತ್ರೆ ಕೊಡಲು ಹೋದಳು. ನಾಯಿ ಹಲ್ಲು ಬಿಗಿಹಿಡಿಯಿತು. ಬ್ರೆಡ್ಡಿನಲ್ಲಿಟ್ಟರೆ ಬ್ರೆಡ್ಡು ತಿಂದು ಮಾತ್ರೆ ಉಗುಳಿತು.

"ತಗೊಳ್ಳೋ ನನ್ನಪ್ಪಾ... ನಿನ್ನ ಹಗಲಿನವರು ಹೇಗೆ ಕೊಡ್ತಿದ್ರೋ ಏನೋ!"

ಬರೆದಿದ್ದರಲ್ಲ, ಎಲ್ಲೋ ಹಿಂದಿನ ಪುಟಗಳಲ್ಲಿ... ನಾಯಿಯ ಔಷಧಿಯ ಪಟ್ಟಿಗಾಗಿ ನೋಟ್‌ಬುಕ್ಕನ್ನು ಜೊತೆಗೇ ತಂದಿದ್ದಳು. ಅಪ್ಪ ಹೋದ ಮೇಲೆ ಅದನ್ನು ತೆರೆದಿರಲಿಲ್ಲ. ಈಗ ಹಿಂದಿನಿಂದ ತೆರೆದಳು.

'ಮಾತ್ರೆಯನ್ನು ಬೇಯಿಸಿದ ಮೊಟ್ಟೆಯ ಹಳದಿಯಲ್ಲಿ ಇಡಿ. ನೀವು ಬೇರೆ ಕಡೆ ನೋಡಿ. ಗುಮಾಸ್ತರಿಗೆ ನಾಚಿಕೆ ಜಾಸ್ತಿ.'

ನಗು ಬಂತು. ಪುಟ ತಿರುಗಿಸಿದಳು. ಆ ಗುರುವಾರದ ತಾರೀಖು.

'ಮೇಡಂ, ಊರಲ್ಲಿ ಅಮ್ಮ ಬಿದ್ದು ಸೊಂಟ ಮುರಿದಿದೆಯಂತೆ. ಈಗಲೇ ಬಸ್ಸಿಗೆ ಓಡುತ್ತಿದ್ದೇನೆ. ಮುಂದೆ ಬರೆದರೆ ಅಪ್ಪಾಜಿ ಓದಿ ಕಂಗಾಲಾಗುತ್ತಾರೆ, ಅದಕ್ಕೆ ಇಲ್ಲಿ ಬರೆದೆ. ಮೂರು ದಿನದಲ್ಲಿ ಬರುತ್ತಾನೆ ಎಂದು ನೀವೇ ನಿಧಾನವಾಗಿ ಹೇಳಿ. ನಿಯಮ ಮುರಿದು ನನ್ನ ನಂಬರ್ ಕೆಳಗೆ ಬರೆದಿದ್ದೇನೆ. ಕರೆದರೆ ಯಾವ ಹೊತ್ತಾದರೂ ಬರುತ್ತೇನೆ. ಅವರಿಗಾಗಿ ಮಾತ್ರ ಅಲ್ಲ. ನಿಮ್ಮ ಊಟ ಆಯಿತೇ?'

ಕೆಳಗೆ ಉತ್ತರಕ್ಕೆಂದು ಬಿಟ್ಟ ಜಾಗ. ಖಾಲಿ.

ಆ ರಾತ್ರಿ ಅಪ್ಪನಿಗೆ ಉಸಿರು ಕಟ್ಟಿತ್ತು. ನಾಯಿಯ ಪುಟ ನೋಡುವ ವ್ಯವಧಾನ ಯಾರಿಗಿತ್ತು? ಮುಂದಿನದನ್ನೇ ಮತ್ತೆ ಮತ್ತೆ ನೋಡಿದ್ದಳು. ತಾವೇ ಮಾಡಿಕೊಂಡ ಕಟ್ಟಳೆ, ತಾನೇ ಮರೆತಿದ್ದಳು!

ಅವಳು ಅತ್ತಳು. ಅಪ್ಪ ಹೋದ ದಿನ ಬಾರದ ಅಳು ಮೂರು ತಿಂಗಳು ತಡವಾಗಿ, ಒಂದು ಲಾಡ್ಜಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಂತು. ನಾಯಿ ಎದ್ದು ಬಂದು ಅವಳ ಪಾದದ ಮೇಲೆ ತಲೆ ಇಟ್ಟಿತು.

ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ತೀರಕ್ಕೆ ಹೋದರು. ಅವನು ಬೆಳಗಿನ ಜಾಗದಲ್ಲೇ ಕೂತಿದ್ದ. ಪಕ್ಕದಲ್ಲಿ ಕರವಸ್ತ್ರದ ಮೇಲೆ ಒಂದು ಬೇಯಿಸಿದ ಮೊಟ್ಟೆ.

"ಗುಮಾಸ್ತರು ಮಾತ್ರೆ ತಗೊಂಡಿರಲ್ಲ ಅಂತ ಗೊತ್ತಿತ್ತು," ಎಂದ.

ಅವಳು ಕೈ ಚಾಚಿ ಮಾತ್ರೆ ಕೊಟ್ಟಳು. ಇಬ್ಬರೂ ಬೇರೆ ಕಡೆ ನೋಡಿದರು. ಗುಮಾಸ್ತರು ಒಂದೇ ಗುಕ್ಕಿಗೆ ನುಂಗಿದರು.

"ಇವತ್ತು ಓದಿದೆ," ಎಂದಳು. "ಗುರುವಾರದ್ದು. ಹಿಂದಿನಿಂದ."

ಅವನು ಕರವಸ್ತ್ರ ಮಡಚಿದ. "ಮೂರನೇ ದಿನ ಏಜೆನ್ಸಿಗೆ ಫೋನ್ ಮಾಡಿದೆ. ಅಪ್ಪಾಜಿ ಇಲ್ಲ ಅಂದ್ರು. ನೀವು ಓದಿಯೂ ಕರೀಲಿಲ್ಲ ಅಂದ್ಕೊಂಡೆ. ಯಾವ ಮುಖ ಹೊತ್ತು ಬರ್ಲಿ?"

"ನಾನು ನಿಮ್ಮನ್ನ ದಿನಾ ಬೈಕೊಂಡೆ."

"ದಿನಾನಾ? ಹಾಗಾದ್ರೆ ದಿನಾ ನೆನಪಿಸಿಕೊಂಡ್ರಿ."

ಅವಳಿಗೆ ನಗಲೂ ಶಕ್ತಿಯಿರಲಿಲ್ಲ. ಆದರೂ ತುಟಿ ಅಲುಗಿತು.

"ಈ ಸಮುದ್ರಕ್ಕೇ ಯಾಕೆ ಬಂದ್ರಿ?" ಎಂದು ಕೇಳಿದ.

"ನೀವೇ ಬರೆದಿದ್ರಲ್ಲ, ನಮ್ಮೂರ ತೀರದಲ್ಲಿ ನಾಯಿಗಳನ್ನೂ ಬಿಡ್ತಾರೆ ಅಂತ. ಗುಮಾಸ್ತನಿಗೆ ತೋರಿಸೋಣ ಅಂತ ಬಂದೆ." ತಡೆದಳು. "ಅಕ್ಕನಿಗೆ ಹಾಗೆ ಹೇಳಿದ್ದೆ. ನಿಜ ಅಂದ್ರೆ... ನಿಮ್ಮನ್ನ ಬೈಯೋಕಾದ್ರೂ ಒಂದ್ಸಲ ನೋಡಬೇಕು ಅನ್ನಿಸಿತ್ತು."

ಸೋಮವಾರದ ವಿಷಯವನ್ನೂ ಹೇಳಿದಳು. ಅವನು ನಾಯಿಯ ಕಿವಿ ಸವರುತ್ತಾ ಕೇಳಿಸಿಕೊಂಡ.

"ಆಶ್ರಯದವರಿಗೆ ಬೇಡ ಅಂದ್ಬಿಡಿ. ಅಮ್ಮ ಈಗ ಕೋಲು ಹಿಡಿದು ಓಡಾಡ್ತಾಳೆ, ಅದೇ ಕೋಲು ತೋರಿಸಿ ನನ್ನನ್ನ ಗದರಿಸ್ತಾಳೆ. ಎರಡು ತಿಂಗಳಲ್ಲಿ ನಾನು ವಾಪಸ್ ಬಂದು ಕೆಲಸಕ್ಕೆ ಸೇರ್ತೀನಿ. ಅಲ್ಲೀವರೆಗೆ ಗುಮಾಸ್ತರು ಇಲ್ಲೇ ನಮ್ಮನೇಲಿ ಇರ್ಲಿ. ನೀವು ಭಾನುವಾರ ಬನ್ನಿ."

"ಆಮೇಲೆ?"

"ಆಮೇಲೆ ಮೂವರೂ ಒಂದೇ ಮನೆ... ನೀವು ಒಪ್ಪಿದ್ರೆ. ಒಬ್ಬರು ಹೋದ ಮೇಲೆ ಒಬ್ಬರು ಬರೋದು ಸಾಕಾಗಿದೆ ನನಗೆ. ನಿಮ್ಮನ್ನ ಕಾಣದೇನೇ ಇಷ್ಟಪಟ್ಟೆ. ಇನ್ನು ಕಂಡು ಇಷ್ಟಪಡ್ತೀನಿ."

 ಅವಳು ಭುಜವನ್ನು ಮೆಲ್ಲಗೆ ಅವನ ಭುಜಕ್ಕೆ ಒರಗಿಸಿದಳು. ಎಷ್ಟೋ ದಿನಗಳಿಂದ ಹೊತ್ತ ಭಾರವನ್ನು ಇಳಿಸಲು ಒಂದು ಜಾಗ ಸಿಕ್ಕಿತ್ತು. ನೋಟ್‌ಬುಕ್ಕು ಮಡಿಲಿನಿಂದ ಮರಳಿಗೆ ಜಾರಿತು. ಅವನು ಎತ್ತಿಕೊಂಡು ಮರಳು ಕೊಡವಿದ.

"ಇನ್ನು ಯಾವ ಕಡೆಯಿಂದ ಬರೀಲಿ? ಮುಂದಿನಿಂದಲೋ, ಹಿಂದಿನಿಂದಲೋ?"

"ಬರೆಯೋದೇ ಬೇಡ. ಎದುರಿಗೇ ಕೇಳಿ."

ಅವನಿಗೆ ಅರ್ಥವಾಯಿತು. ಗಂಟಲು ಸರಿಮಾಡಿಕೊಂಡ.

"ನಿಮ್ಮ ಊಟ ಆಯ್ತಾ?"

"ಇಲ್ಲ," ಎಂದಳು ಅವಳು. ಮೊದಲ ಸಲ.

"ಏಳಿ ಹಾಗಾದ್ರೆ," ಎಂದು ಅವನು ಕೈ ಚಾಚಿದ. "ಗುಮಾಸ್ತರೇ, ದಾರಿ ತೋರಿಸಿ."