ಗೇಣು ಕೆಳಗಿನ ಗೆರೆ

ನಮ್ಮ ಅಡುಗೆಮನೆ ಒಡೆಸಿ ಹೊಸದಾಗಿ ಕಟ್ಟಿಸಿದಾಗ ನನ್ನ ಕಣ್ಣೆದುರೇ ನಡೆದದ್ದಿದು. ಹಳೆಯ ಕಟ್ಟೆ, ತೀರಿಹೋದ ನಮ್ಮತ್ತೆಯ ಅಳತೆಯದು. ಅವರು ಗಿಡ್ಡ, ನಾನು ಉದ್ದ. ಬಗ್ಗಿ ಬಗ್ಗಿ ಬೇಯಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಇನ್ನಾದರೂ ನೆಟ್ಟಗೆ ನಿಲ್ಲಬೇಕೆಂಬುದೊಂದೇ ಆಸೆ.

ಮೇಸ್ತ್ರಿ ನನ್ನನ್ನು ಗೋಡೆಯ ಪಕ್ಕ ನಿಲ್ಲಿಸಿ, ಮೊಣಕೈ ನೋಡಿಕೊಂಡು ಪೆನ್ಸಿಲಿನಲ್ಲಿ ಗೆರೆ ಎಳೆದರು. ಬೆಳಗಾದರೆ ಗೆರೆ ಗೇಣು ಕೆಳಗಿತ್ತು. ಅಳಿಸಿ ಮತ್ತೆ ಎಳೆದರು. ಮರುದಿನವೂ ಅದೇ ಕಥೆ.

“ರಾತ್ರಿಯೆಲ್ಲಾ ನೀವೇನಾದ್ರೂ ಕುಗ್ಗಿ ಹೋಗ್ತೀರಾ ಅಮ್ಮಾ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಆ ಎತ್ತರ ನನ್ನ ಸೊಂಟಕ್ಕೆ ಚೆನ್ನಾಗಿ ಗೊತ್ತಿತ್ತು.

“ಅತ್ತೇ, ಇಡೀ ಕಟ್ಟೆ ಕೇಳ್ಬೇಡಿ. ನಿಮಗೂ ಒಂದು ಮೂಲೆ ಮಾಡಿಸ್ಕೊಡ್ತೀನಿ,” ಎಂದೆ, ಬರಿ ಗೋಡೆಗೆ.

ಅವತ್ತು ಎಳೆದ ಗೆರೆ ಕದಲಲಿಲ್ಲ. ಹೇಳಿದಂತೆ ಮೂಲೆಯಲ್ಲೊಂದು ಗಿಡ್ಡ ಕಟ್ಟೆಯನ್ನೂ ಹಾಕಿಸಿದೆ.

ಈಗ ನೆಟ್ಟಗೆ ನಿಂತು ಹಾಯಾಗಿ ಅಡುಗೆ ಮಾಡುತ್ತೇನೆ. ಗಿಡ್ಡ ಕಟ್ಟೆಯ ಮೇಲೆ ಒಲೆ ಇಟ್ಟಿಲ್ಲ, ಬಿಸಿಲೂ ಅಲ್ಲಿಗೆ ಬೀಳುವುದಿಲ್ಲ. ಆದರೂ ಬೆಳಗ್ಗೆ ಎದ್ದು ಕೈಯಿಟ್ಟರೆ ಉಳಿದ ಕಲ್ಲೆಲ್ಲ ತಣ್ಣಗೆ ಕೊರೆಯುತ್ತದೆ; ಅದೊಂದು ಮಾತ್ರ, ಯಾರೋ ಈಗಷ್ಟೇ ಪಾತ್ರೆ ಎತ್ತಿಕೊಂಡು ಹೋದ ಹಾಗೆ, ಬೆಚ್ಚಗಿರುತ್ತದೆ.