ಖಾಲಿ ಬಿಟ್ಟಿದ್ದ ದಂಡಿಗೆ

1966ರ ಫೆಬ್ರವರಿ 11, ಸಂಜೆ ನಾಲ್ಕೂವರೆ. ಸಾಗರದ ಠಾಣೆಗೆ ದೂರು ತಂದವನು ಪೇಟೆಯ ಅಂಗಡಿಕಾರ ಮಂಜುನಾಥಪ್ಪ. ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಅವನು ಕಾಗದದ ಮೇಲೆ ಬರೆಸಿ ಬೆಂಗಳೂರಿಗೆ ಮಾರುತ್ತಿದ್ದ. ಬರೆದುಕೊಡುತ್ತಿದ್ದವಳು ಮಾವಿನಕೊಪ್ಪದ ವಿಧವೆ ಯಮುನಮ್ಮ. ಆ ಮಧ್ಯಾಹ್ನ ಮಲಗಿದ್ದವಳ ಮುಖಕ್ಕೆ ಕಂಬಳಿ ಹಾಕಿ, ಯಾರೋ ಅವಳ ಬಲಗೈಯನ್ನು ಒನಕೆಯಿಂದ ಜಜ್ಜಿದ್ದರು.

ಸಬ್‌ಇನ್‌ಸ್ಪೆಕ್ಟರ್ ಧರ್ಮಪ್ಪ ಎಫ್‌ಐಆರ್ ಬರೆಸಿ ಆಸ್ಪತ್ರೆಗೆ ಹೋದರು. ಎರಡು ಬೆರಳು ತೆಗೆಯಬೇಕು ಎಂದರು ಡಾಕ್ಟರು.

"ಮಲಗೋಕೆ ಮುಂಚೆ ಎಂತ ಮಾಡ್ತಿದ್ದೆ?"

"ಬರೀತಿದ್ದೆ. ಮದುಮಕ್ಕಳು ಕೂರೋ ಪಲ್ಲಕ್ಕಿ, ಆ ದಂಡಿಗೆ ಒಂದು ಬಾಕಿ ಇತ್ತು. ಎದ್ದು ಬರೆಯೋಣ ಅಂತ ಆ ಜಾಗ ಖಾಲಿ ಬಿಟ್ಟೆ."

ಆರು ಗಂಟೆಗೆ ಅವಳ ಮನೆಯಲ್ಲಿ ಪಂಚನಾಮೆ. ತೊಳೆದ ಒನಕೆ ಹಿತ್ತಿಲಲ್ಲಿ ಸಿಕ್ಕಿತು. ದಫೇದಾರ ಬೆಳ್ಳಪ್ಪ ಕಾಗದ ಎತ್ತಿ ತೋರಿಸಿದ. ದಂಡಿಗೆ ಪೂರ್ತಿಯಾಗಿತ್ತು. ಅದರ ಗೆರೆಗಳು ಉಳಿದವಕ್ಕಿಂತ ಸಣ್ಣ, ನೇರ.

ಊರ ಯಜಮಾನ ದುಗ್ಗಪ್ಪನನ್ನು ಕರೆಸಿದರು.

"ಬರೆಯೋದು ನಿಲ್ಲಿಸು ಅಂತ ಹೆದರಿಸಿದ್ರಂತೆ?"

"ಹಸೆ ಅಂಗಡೀಲಿ ತೂಗು ಹಾಕೋದು ಮರ್ಯಾದೆಯಾ ಅಂದೆ. ಕೈ ಮುರೀರಿ ಅಂದಿಲ್ಲ."

"ದಂಡಿಗೆ ಬರೆಯೋಕೆ ಬರುತ್ತಾ?"

"ಗಂಡಸರಿಗೆ ಅದೆಲ್ಲ ಎಲ್ಲಿ ಬರುತ್ತೆ ಸ್ವಾಮಿ? ಹೆಂಗಸರು ಬೆಳಗ್ಗೆಯೇ ಮದುವೆಗೆ ಹೋಗಿದ್ರು. ಮುಂಡೇರು ಇಬ್ರೇ ಊರಲ್ಲಿದ್ದಿದ್ದು."

ಒಬ್ಬಳು ಆಸ್ಪತ್ರೆಯಲ್ಲಿದ್ದಳು. ಇನ್ನೊಬ್ಬಳು ಅವಳ ಅತ್ತೆ ಕೆರಿಯಮ್ಮ. ತಾನು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ ಎಂದಳು. ಧರ್ಮಪ್ಪ ಕಾಗದವನ್ನು ಅವಳ ಮುಂದೆ ಹಾಸಿದರು.

"ದಂಡಿಗೆ ಸೊಟ್ಟ ಬಂದಿದೆ."

"ಎಲ್ಲಿ ಸೊಟ್ಟ? ಕಣ್ಣು ಕಾಣುತ್ತಾ ನಿಂಗೆ? ನಾನು ಎಳೆದ ಗೆರೆ ಯಾವತ್ತೂ ಸೊಟ್ಟ ಬಂದಿಲ್ಲ."

ಬೆಳ್ಳಪ್ಪ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಏಳು ನಲವತ್ತಕ್ಕೆ ದಸ್ತಗಿರಿ ಆಯಿತು.

ಹೇಳಿಕೆ ಕೊಡುವಾಗ ಅವಳು ಅಳಲಿಲ್ಲ. "ಗಂಡ ಸತ್ತ ದಿನ ನನ್ನ ನಾರಿನ ಕುಂಚ ಒಲೆಗೆ ಹಾಕಿದ್ರು. ಮುಂಡೆ ಮುಟ್ಟಿದ್ರೆ ಹಸೆ ಕೆಡುತ್ತಂತೆ. ಇಪ್ಪತ್ತೆರಡು ವರ್ಷ ಕೈ ಮಡಚಿ ಕೂತೆ. ಅಂಗಡಿಗೆ ಬರೆದ್ರೆ ದೋಷ ಇಲ್ಲ ಅಂತ ಆ ಮಂಜುನಾಥಪ್ಪ ಹೇಳಿದ, ಇವಳು ಕೂತು ಬರೆದಳು. ನನ್ನ ಕಣ್ಣೆದುರೇ."

"ಮತ್ತೆ ನೀನ್ಯಾಕೆ ದಂಡಿಗೆ ಬರೆದೆ?"

"ಖಾಲಿ ಇತ್ತು."

ಮರುದಿನ ಬೆಳಗ್ಗೆ ಮಂಜುನಾಥಪ್ಪ ಠಾಣೆಗೆ ಬಂದ. ಯಮುನಮ್ಮನ ಕೈ ಹೇಗಿದೆ ಎಂದು ಕೇಳಲಿಲ್ಲ. ಜಪ್ತಿಯಾದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ.

"ಈ ದಂಡಿಗೆ ಮುದುಕಿ ಬರೆದಿದ್ದಾ? ಸೊಸೆಗಿಂತ ವಾಸಿ. ಜಾಮೀನು ಯಾವಾಗ ಸಿಗಬಹುದು ಸ್ವಾಮಿ?"

ಲಾಕಪ್ಪಿನೊಳಗೆ ಕೆರಿಯಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಂಬಿಯ ಹತ್ತಿರ ಬಂದಳು.